ಕಮರ್ಷಿಯಲ್ ಸ್ಟ್ರೀಟಿಗೆ ಬಾರದ ರೇಷ್ಮೆ

ಅಕ್ಕನ ಮದುವೆಗೆ ಸೀರೆ ತರಲು ಅಮ್ಮನ ಜೊತೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. 1809ರಲ್ಲಿ ಬ್ರಿಟಿಷರು ಬೆಂಗಳೂರಲ್ಲಿ ದಂಡು ಹೂಡಿದ ಮೇಲೆ ಅದರ ಸುತ್ತ ಬೆಳೆದ ಪೇಟೆ ಇದು. ಅಂಗಡಿಯವರು ಹರವಿದ ರೇಷ್ಮೆ ಸೆರಗನ್ನು ಅಮ್ಮ ಬೆರಳಲ್ಲಿ ಉಜ್ಜಿ ನೋಡಿ, "ಇಷ್ಟೇ ನಯದ ಎಳೆ ನಮ್ಮ ಬೇಲಿ ಮೇಲೂ ಇರುತ್ತಲ್ಲ ಮಗಾ, ಅದನ್ನ ಯಾಕೆ ಯಾರೂ ನೇಯಲ್ಲ?" ಅಂದಳು. ಅಂಗಡಿಯವರು ನಕ್ಕರು, ನಾನೂ ನಕ್ಕೆ. ಊರಿಗೆ ಬಂದು ಹುಡುಕಿದಾಗ ಗೊತ್ತಾಯಿತು, ಇದೇ ಪ್ರಶ್ನೆಯನ್ನು 300 ವರ್ಷದ ಹಿಂದೆಯೇ ಕೇಳಿದ್ದಾರೆ.

ಅಮ್ಮ ಹೇಳಿದ್ದು ದುಂಡನೆಯ ಬಲೆ ಕಟ್ಟುವ ಜೇಡದ ವಿಷಯ. ನೀವೂ ನೋಡಿರುತ್ತೀರಿ. ಬಲೆಯ ನಡುವೆ ತಲೆ ಕೆಳಗೆ ಮಾಡಿ, ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನಂತೆ ಚಾಚಿ ಕೂತಿರುತ್ತದೆ. ಕಾಲಿನ ನೇರಕ್ಕೆ ಬಲೆಯಲ್ಲಿ ಅಂಕುಡೊಂಕಾದ ಬಿಳಿ ಗೆರೆ. ಅದು ಸಹಿ ಹಾಕಿದಂತೆ ಕಾಣುವುದಕ್ಕೇ ಇಂಗ್ಲಿಷಿನಲ್ಲಿ ಸಿಗ್ನೇಚರ್ ಸ್ಪೈಡರ್ ಎನ್ನುತ್ತಾರೆ. ನಮ್ಮಲ್ಲಿ ಸಿಗುವ ಒಂದು ಜಾತಿಗೆ ಸ್ವೀಡನ್ನಿನ ಥೋರೆಲ್ 1887ರಲ್ಲಿ ಹೆಸರಿಟ್ಟರು. ಆ ಗೆರೆ ಕೀಟ ಸೆಳೆಯಲೋ, ಹಕ್ಕಿ ನುಗ್ಗಿ ಬಲೆ ಹರಿಯದಿರಲೆಂದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ದೊಡ್ಡದಾಗಿ ಕಾಣುವುದು ಹೆಣ್ಣು. ಗಂಡು ಅದರ ಅರ್ಧವೂ ಇರುವುದಿಲ್ಲ. ಹೆದರಬೇಡಿ, ಮನುಷ್ಯರಿಗೆ ಇದು ಅಪಾಯಕಾರಿಯಲ್ಲ.

ನಮ್ಮ ಭಾಷೆಗೆ ಇದರ ಕಸುಬು ಮೊದಲೇ ಗೊತ್ತಿತ್ತು. ಹಳೆಯ ಕನ್ನಡದಲ್ಲಿ ಜೇಡ ಎಂದರೆ ನೇಕಾರ ಕೂಡ. ವಚನಕಾರ ಜೇಡರ ದಾಸಿಮಯ್ಯನದು ನೇಯ್ಗೆಯ ಕಾಯಕ.

1709ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ಊರಿನ ಬೊನ್ ಎಂಬ ಅಧಿಕಾರಿ ಜೇಡದ ಮೊಟ್ಟೆಚೀಲದ ನೂಲಿನಿಂದ ಕಾಲುಚೀಲ, ಕೈಗವಸು ಮಾಡಿಸಿ ತೋರಿಸಿದ. ವಿಚಾರಿಸಿ ಹೇಳಲು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ರಿಯೋಮರ್‌ಗೆ ವಹಿಸಿತು. ಅವನ ವರದಿ ಆಸೆಗೆ ತಣ್ಣೀರೆರಚಿತು. ಜೇಡಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಬೇರೆ ಬೇರೆ ಇಟ್ಟರೆ ಅಷ್ಟಕ್ಕೂ ನೊಣ ಹಿಡಿದು ಕೊಡುವವರು ಯಾರು?

ರೇಷ್ಮೆ ಹುಳು ಹಾಗಲ್ಲ. ತಟ್ಟೆಯಲ್ಲಿ ಸಾವಿರಾರು ಹುಳು ಜಗಳವಿಲ್ಲದೆ ಸೊಪ್ಪು ಮೇಯುತ್ತವೆ. ಟಿಪ್ಪು 1780ರ ದಶಕದಲ್ಲಿ ಬಂಗಾಳದ ಕಡೆಯಿಂದ ತರಿಸಿದ್ದು ಇದನ್ನೇ. 19ನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ಫಾರಂ ಮಾಡಿದ್ದೂ ಇದಕ್ಕೇ. ಬಸವನಗುಡಿ ಕಡೆ ಆ ಜಾಗವನ್ನು ಈಗಲೂ ಟಾಟಾ ಸಿಲ್ಕ್ ಫಾರಂ ಎನ್ನುತ್ತಾರೆ. ಅಮ್ಮ ಉಜ್ಜಿ ನೋಡಿದ ಸೆರಗು ಈ ದಾರಿಯಲ್ಲಿ ಬಂದದ್ದು.

ಜೇಡದ ಬಟ್ಟೆ ಆಗಲೇ ಇಲ್ಲವೆಂದಲ್ಲ. 2009ರಲ್ಲಿ ಮಡಗಾಸ್ಕರ್‌ನಲ್ಲಿ ನೇಯ್ದ ಚಿನ್ನದ ಬಣ್ಣದ ಒಂದೇ ಒಂದು ಬಟ್ಟೆ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಬಂತು. ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಜೇಡ ಹಿಡಿದು ನೂಲು ಎಳೆಯಬೇಕಾಯಿತು. ಬಣ್ಣ ಹಾಕಿದ್ದಲ್ಲ, ಆ ಜೇಡದ ನೂಲೇ ಹಾಗೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಅದು ಯಾರ ಕೈಗೂ ಸಿಕ್ಕಲಿಲ್ಲ ಅನ್ನು" ಅಂದಳು, ಖುಷಿಯಿಂದಲೇ.

ಆದರೆ ನಮ್ಮ ಕಡೆ ಹಿಪ್ಪುನೇರಳೆ ತೋಟದ ಪಕ್ಕ ಔಷಧಿ ಹೊಡೆದರೆ ಜಗಳವೇ ಆಗುತ್ತದೆ, ಹುಳು ಸಾಯುತ್ತವೆಂದು. ಬದನೆ ಸಾಲಿನ ನೊಣ, ಮಿಡತೆ ಹಿಡಿಯುವ ಜೇಡದ ಪರವಾಗಿ ಕೇಳುವವರಿಲ್ಲ. ನಾವೂ ಹೋದ ವಾರ ಹೊಡೆದೆವು. ಬೇಲಿಯಲ್ಲಿ ಮೂರು ಬಲೆ ಇದ್ದವು, ಈಗ ಒಂದಿದೆ.