ಕಲ್ಲಿನಿಂದ ಕಡತಕ್ಕೆ: ದಾಖಲೆ ಉಳಿಸುವ ವಿದ್ಯೆ

ನಮ್ಮ ಸೊರಬ ತಾಲ್ಲೂಕು ಶಾಸನಗಳ ನೆಲ. ಉದ್ರಿ, ಕುಪ್ಪಟೂರು ಮೊದಲಾದ ಊರುಗಳಲ್ಲಿ ಅಕ್ಷರ ಹೊತ್ತ ಕಲ್ಲುಗಳು ಇಂದಿಗೂ ನಿಂತಿವೆ. ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟದಲ್ಲಿ ಇವನ್ನು ಪ್ರಕಟಿಸಿದಾಗ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ ಕೊಟ್ಟರು. ಕಲ್ಲು ಊರಿನಲ್ಲೇ ಉಳಿಯಿತು. ಅದನ್ನು ಹುಡುಕುವ ಸೂಚಿ ಪುಸ್ತಕಕ್ಕೆ ಸೇರಿತು. ಈ ಶಾಲೆಯಲ್ಲಿ ಓದಿ, ಈಗ ಕಂಪ್ಯೂಟರಿನ ಫೈಲ್ ಸಿಸ್ಟಮ್ ಕುರಿತ ಸಂಶೋಧನೆಗಳನ್ನು ಅಭ್ಯಾಸ ಮಾಡುತ್ತಿರುವ ನನಗೆ ಎರಡೂ ಒಂದೇ ವಿದ್ಯೆ ಎನಿಸುತ್ತದೆ.

1974ರಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಕುರಿತು ಪ್ರಸಿದ್ಧ ಲೇಖನ ಪ್ರಕಟಿಸಿದರು. ಆ ವ್ಯವಸ್ಥೆಯಲ್ಲಿ ಕಡತದ ಬರಹ ಒಂದು ಕಡೆ. ಅದರ ಗಾತ್ರ, ದಿನಾಂಕ, ಡಿಸ್ಕಿನಲ್ಲಿ ಅದಿರುವ ಜಾಗ ಇವೆಲ್ಲ ಐನೋಡ್ ಎಂಬ ಸೂಚಿಯಲ್ಲಿ. ತೊಂದರೆ ಹುಟ್ಟುವುದೂ ಇಲ್ಲೇ. ಬರಹ ಮುಗಿದು ಸೂಚಿ ತಿದ್ದುವ ಮೊದಲೇ ಕರೆಂಟು ಹೋದರೆ? ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಇದಕ್ಕೆ ಕಂಡುಕೊಂಡ ಒಂದು ಉಪಾಯವೇ ಜರ್ನಲ್. ಅಂಗಡಿಯವರು ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದಿಡುವುದು. ಕೆಲಸ ಅರ್ಧಕ್ಕೆ ನಿಂತರೆ ಅದನ್ನು ನೋಡಿ ಸರಿಪಡಿಸಬಹುದು. 2008ರ ಕೊನೆಗೆ ಲಿನಕ್ಸ್‌ನಲ್ಲಿ ಪೂರ್ಣ ಬಳಕೆಗೆ ಬಂದ ಎಕ್ಸ್‌ಟಿ4 ಈ ಬಗೆಯದು. ಅದರ ಬೆಳವಣಿಗೆಯನ್ನು ವಿವರಿಸಿದ 2007ರ ಪ್ರಬಂಧದ ಲೇಖಕರಲ್ಲಿ ಐಬಿಎಂನ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಮುಂದೆ 2015ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು, ಯಾವ ಗಳಿಗೆಯಲ್ಲಿ ಯಂತ್ರ ನಿಂತರೂ ತಮ್ಮ ಫೈಲ್ ಸಿಸ್ಟಮ್ ಸರಿಯಾಗಿ ಚೇತರಿಸಿಕೊಳ್ಳುತ್ತದೆ ಎಂಬುದನ್ನು ರೇಖಾಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಿದರು.

ಇದು ದೂರದ ಮಾತಲ್ಲ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ನಮ್ಮ ರೈತನ ಗದ್ದೆಯ ಹಕ್ಕು ಇಂದು ಯಾವುದೋ ಡಿಸ್ಕಿನ ಸೂಚಿಯನ್ನು ನಂಬಿ ನಿಂತಿದೆ.

ಆದರೆ ಜರ್ನಲ್ ಕಾಯುವುದು ಅರ್ಧಕ್ಕೆ ನಿಂತ ಕೆಲಸವನ್ನು ಮಾತ್ರ. ಡಿಸ್ಕೇ ಸುಟ್ಟರೆ, ಯಾರೋ ಕಡತವನ್ನೇ ಅಳಿಸಿದರೆ, ಬೇರೆಡೆ ಇಟ್ಟ ಇನ್ನೊಂದು ಪ್ರತಿಯೇ ಗತಿ. ಜನ್ಮದಿನಾಂಕ ಬೇಕಾದಾಗ ಹಳೆಯ ವಿದ್ಯಾರ್ಥಿಗಳು ಹುಡುಕಿಕೊಂಡು ಬರುವುದು ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನೇ. ಐವತ್ತು ವರ್ಷಗಳ ಆ ಪುಸ್ತಕಗಳನ್ನು ಸ್ಕ್ಯಾನ್ ಮಾಡೋಣ. ಎರಡು ಕಡೆ ಪ್ರತಿ ಇಡೋಣ. ವರ್ಷಕ್ಕೊಮ್ಮೆ ತೆರೆದು ನೋಡೋಣ. ಮೂಲ ಪುಸ್ತಕವನ್ನು ಮಾತ್ರ ಎಂದಿಗೂ ರದ್ದಿಗೆ ಹಾಕದಿರೋಣ.