ವಿಲೇಜ್ ಹೋಮ್ಸ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಡೇವಿಸ್ ನಗರದಲ್ಲಿರುವ ಬಡಾವಣೆ. ಮನೆ, ರಸ್ತೆ, ಚರಂಡಿಗಳೊಂದಿಗೆ ಹಣ್ಣಿನ ತೋಟ ಮತ್ತು ತರಕಾರಿ ಮಡಿಗಳಿಗೂ ಮೊದಲ ನಕ್ಷೆಯಲ್ಲೇ ಜಾಗ ಗೊತ್ತುಮಾಡಿ ಕಟ್ಟಿದ್ದು ಇದರ ವಿಶೇಷ. ಮೈಕೆಲ್ ಕಾರ್ಬೆಟ್ ಮತ್ತು ಜೂಡಿ ಕಾರ್ಬೆಟ್ ದಂಪತಿ ರೂಪಿಸಿದ ಇದರ ನಿರ್ಮಾಣ 1970ರ ದಶಕದ ನಡುವಿನಲ್ಲಿ ಶುರುವಾಗಿ 1980ರ ದಶಕದ ಆರಂಭದಲ್ಲಿ ಮುಗಿಯಿತು. ಸುಮಾರು 70 ಎಕರೆಯಲ್ಲಿ 240ರಷ್ಟು ಮನೆಗಳಿವೆ.

ರಸ್ತೆಗಳನ್ನು ಕಿರಿದಾಗಿಸಿ, ನಿವೇಶನಗಳನ್ನು ಚಿಕ್ಕದು ಮಾಡಿದ್ದರಿಂದಲೇ ಬೆಳೆಗೆ ನೆಲ ಉಳಿಯಿತು. ಸುಮಾರು ಎಂಟು ಮನೆಗಳಿಗೆ ಒಂದರಂತೆ ಸಾಮೂಹಿಕ ಅಂಗಳವಿದೆ. ಅಲ್ಲಿ ಏನು ನೆಡಬೇಕೆಂದು ಆ ಮನೆಯವರೇ ಕೂತು ತೀರ್ಮಾನಿಸುತ್ತಾರೆ.

ಯೋಜನೆಯ ಜೀವಾಳ ಮಳೆನೀರಿನ ವ್ಯವಸ್ಥೆ. ನೆಲದಡಿಯ ಕೊಳವೆಗಳ ಬದಲಿಗೆ ಮನೆಗಳ ನಡುವೆ ಗಿಡಹುಲ್ಲು ಬೆಳೆದ ತಗ್ಗು ಕಾಲುವೆಗಳನ್ನು ತೋಡಲಾಗಿದೆ. ಅಲ್ಲಲ್ಲಿ ಅಡ್ಡ ಹಾಕಿದ ಸಣ್ಣ ಒಡ್ಡುಗಳು ನೀರಿನ ಓಟ ತಗ್ಗಿಸಿ ಮಣ್ಣಿಗೆ ಇಂಗಿಸುತ್ತವೆ. ನಗರದ ಅಧಿಕಾರಿಗಳಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಆದರೆ ಕೊಳವೆ ಹೂಳದೆ ಉಳಿದ ಹಣವೇ ಗಿಡಮರ, ತೋಟ, ಕಾಲುದಾರಿಗಳಿಗೆ ಒದಗಿತು. ಚರಂಡಿಯ ಖರ್ಚು ತೋಟದ ಬಂಡವಾಳವಾದ ಈ ಲೆಕ್ಕಾಚಾರ ಇತರ ನಗರಗಳ ಎಂಜಿನಿಯರುಗಳು ಮೊದಲು ನೋಡಬೇಕಾದ ಸಂಗತಿ. ಡೇವಿಸ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ತೀರಾ ಒಣ. ಹಾಗಾಗಿ ಇಂಗಿದ ನೀರಷ್ಟೇ ಸಾಲದು, ಬೇಸಿಗೆಯಲ್ಲಿ ನೀರು ಹಾಯಿಸಲೇಬೇಕು.

ಬಾದಾಮಿ ತೋಟ ಮತ್ತು ದ್ರಾಕ್ಷಿ ತೋಟಗಳಲ್ಲದೆ ಅಂಜೂರ, ದಾಳಿಂಬೆ, ಏಪ್ರಿಕಾಟ್, ಪ್ಲಮ್, ಪರ್ಸಿಮನ್ ಮರಗಳು ದಾರಿಯುದ್ದಕ್ಕೂ ಇವೆ. ಸಾಮೂಹಿಕ ನೆಲದ ಹೆಚ್ಚಿನ ಹಣ್ಣುಗಳನ್ನು ನಿವಾಸಿಗಳು ಬೇಕಾದಾಗ ಕೊಯ್ದುಕೊಳ್ಳಬಹುದು. ಸ್ವಂತ ತರಕಾರಿ ಬೆಳೆಯಬೇಕೆನ್ನುವವರಿಗೆ ಪ್ರತ್ಯೇಕ ಮಡಿಗಳಿವೆ.

ಇದನ್ನು ಸ್ವಾವಲಂಬಿ ಊರೆಂದು ಬಣ್ಣಿಸುವುದು ಅತಿಯಾದೀತು. ಹೊಟ್ಟೆ ತುಂಬಿಸುವ ಧಾನ್ಯ ಹೊರಗಿನಿಂದಲೇ ಬರಬೇಕು. ಬಡಾವಣೆಯೊಂದು ತನ್ನ ನೆಲದಲ್ಲಿ ಧಾರಾಳವಾಗಿ ಒದಗಿಸಬಲ್ಲದ್ದು ಹಣ್ಣು, ತರಕಾರಿ, ಸೊಪ್ಪು. ಇನ್ನೂ ಗಂಭೀರವಾದ ತೊಡಕು ಬೆಲೆಯದು. ಕಡಿಮೆ ಆದಾಯದವರಿಗೂ ಇಲ್ಲಿ ಮನೆ ಸಿಗಬೇಕೆಂಬುದು ಕಾರ್ಬೆಟ್ ದಂಪತಿಯ ಆಶಯವಾಗಿತ್ತು. ಬಡಾವಣೆ ಜನಪ್ರಿಯವಾದಂತೆ ಮನೆಗಳ ಬೆಲೆ ಏರಿತು. ತಾಜಾ ಆಹಾರ ಕೈಗೆಟುಕದ ಕುಟುಂಬಗಳಿಗೆ ಈ ಮನೆಗಳೂ ಎಟುಕದಾದವು.

ದಶಕಗಳ ಬಳಿಕವೂ ತೋಟಗಳು ಉಳಿದಿರುವುದಕ್ಕೆ ಒಡೆತನದ ಕ್ರಮವೂ ಕಾರಣ. ಸಾಮೂಹಿಕ ನೆಲ ಮನೆಮಾಲೀಕರ ಸಂಘದ ಕೈಯಲ್ಲಿದೆ. ಮರಗಳ ಆರೈಕೆಯ ಹೊಣೆಯೂ ಸಂಘದ್ದೇ; ಅದಕ್ಕಾಗಿ ಪ್ರತಿ ಮನೆಯವರೂ ಶುಲ್ಕ ಕಟ್ಟುತ್ತಾರೆ.