‘ಸಂತಾನ’ ಶಬ್ದವೂ ತುಳುನಾಡಿನ ಕಟ್ಟಳೆಯೂ

‘ಸಂತಾನ’ವೆಂದರೆ ಮಕ್ಕಳೆಂದು ನಾವು ಸಾಮಾನ್ಯವಾಗಿ ತಿಳಿಯುವೆವು. ಶಬ್ದದ ಮೂಲಾರ್ಥವು ಅದಲ್ಲ. ಹರಡು, ಚಾಚು ಎಂಬರ್ಥದ ‘ತನ್’ ಧಾತುವಿಗೆ ‘ಸಂ’ ಸೇರಿ ಉಂಟಾದ ಈ ಮಾತಿಗೆ ಎಡೆಬಿಡದ ಮುಂಬರಿವು ಎಂದರ್ಥ. ನೂಲೆಂಬ ‘ತಂತು’ವೂ ಅದೇ ಧಾತುವಿನಿಂದ ಹುಟ್ಟಿದುದು. ಆದುದರಿಂದ ಎಳೆಯು ಯಾರ ಮೂಲಕ ಸಾಗುವುದೆಂಬುದನ್ನು ಶಬ್ದವು ತಾನಾಗಿ ಹೇಳದು. ಅದನ್ನು ನಿಶ್ಚಯಿಸುವುದು ದೇಶಾಚಾರ.

ದಕ್ಷಿಣ ಕನ್ನಡದ ‘ಅಳಿಯಸಂತಾನ’ವೇ ಇದಕ್ಕೆ ಸಾಕ್ಷಿ. ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಈ ಕಟ್ಟನ್ನು ಭೂತಾಳಪಾಂಡ್ಯನು ವಿಧಿಸಿದನೆಂಬ ಐತಿಹ್ಯವುಂಟು. ಅದನ್ನು ಚರಿತ್ರೆಯೆಂದು ಎಣಿಸಲಾಗದು. ಹೆಸರಿನಲ್ಲಿ ಅಳಿಯನಿದ್ದರೂ ಎಳೆಯನ್ನು ನಡೆಯಿಸುವವಳು ಹೆಣ್ಣು. ತಂದೆಯ ಕಣ್ಣೆದುರಿಗೆ ಬೆಳೆದ ಮಗನು ಲೋಕರೂಢಿಯಲ್ಲಿ ಅವನ ಸಂತಾನವೇ. ಆಸ್ತಿಯ ಮಾತು ಬಂದೊಡನೆ ಅವನು ತಾಯಿಯ ಕುಟುಂಬದವನು.

1949ರ ಮದರಾಸು ಅಳಿಯಸಂತಾನ ಅಧಿನಿಯಮವು ಕುಟುಂಬದ ಕವಲುಗಳಿಗೆ, ಎಂದರೆ ‘ಕವರು’ಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 50 ವರ್ಷ ತುಂಬದ ಹೆಂಗಸೊಬ್ಬಳಾದರೂ ಇದ್ದರೆ ಅದು ‘ಸಂತತಿ ಕವರು’; ಇಲ್ಲದಿದ್ದರೆ ‘ನಿಸ್ಸಂತತಿ ಕವರು’. ಹೆಣ್ಣುಮಕ್ಕಳಿಲ್ಲದೆ ನಾಲ್ವರು ಗಂಡುಮಕ್ಕಳನ್ನು ಹೆತ್ತ ತಾಯಿಗೆ 50 ತುಂಬಿತೆಂದರೆ, ಮನೆತುಂಬ ಮಕ್ಕಳಿದ್ದೂ ಆ ಕವರು ನಿಸ್ಸಂತತಿ! ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದಲ್ಲಿ, ಇಂತಹ ಕವರಿಗೆ ಪಾಲಾಗಿ ಬಂದ ಭೂಮಿಯ ಮೇಲೆ ಜೀವಾವಧಿಯ ಹಕ್ಕು ಮಾತ್ರ. ಒಂದು ಉಪಸರ್ಗಕ್ಕೆ ಗದ್ದೆತೋಟಗಳ ಬೆಲೆಯಾಯಿತು.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಮೃತನ ಅವಿಭಕ್ತ ಭಾಗವು ಅವನ ಮಕ್ಕಳಿಗೂ ಸಲ್ಲುವಂತೆ ಮಾಡಿತು. ಕಟ್ಟು ಸಡಿಲಿತು, ಆದರೂ ಆ ಸೀಮೆಯ ಹಲವು ಮನೆಗಳಲ್ಲಿ ‘ಬರಿ’ಯನ್ನು ಇಂದಿಗೂ ತಾಯಿಯ ಕಡೆಯಿಂದಲೇ ಎಣಿಸುವರು.